ಬೀಳಗಿಯ ಕಂಠ: ಅಮೀರಬಾಯಿ ಕರ್ನಾಟಕಿ

(ಬಿ. ಎ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿ)

ಕಾಲೇಜು ಸಂಚಿಕೆಗಳಲ್ಲಿ ಮಹಾಪುರುಷರ ಜೀವನಚರಿತ್ರೆಗಳಿಗೆ ಎಂದೂ ಕೊರತೆಯಿಲ್ಲ. ಬಾದಾಮಿಯ ಕೆಂಪು ಬಂಡೆಗಳ ಸಮೀಪ ಬೆಳೆದ ನಮಗೆ ಇಮ್ಮಡಿ ಪುಲಕೇಶಿಯ ಹೆಸರು ಅಕ್ಷರ ಕಲಿಯುವ ಮೊದಲೇ ಕಿವಿಗೆ ಬೀಳುತ್ತದೆ. ಹುನಗುಂದ ಸೀಮೆಯವರಿಗೆ ಕೂಡಲಸಂಗಮವೆಂದರೆ ಮನೆಯ ಅಂಗಳವಿದ್ದಂತೆ. ಬಸವಣ್ಣನವರು ಅಲ್ಲಿ ಮನೆಯ ಹಿರಿಯರೇ. ಅರಸರು ಕಲ್ಲಿನಲ್ಲಿ ಉಳಿದರು, ಶರಣರು ಮಾತಿನಲ್ಲಿ ಉಳಿದರು. ಆದರೆ ದನಿಯಲ್ಲಿ ಉಳಿದವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇರುವರೆ? ಇರುವರು. ಬಾಗಲಕೋಟೆಯಿಂದ ಬಸ್ಸಿನಲ್ಲಿ ಕುಳಿತರೆ ಸುಮಾರು ಒಂದು ತಾಸಿನಲ್ಲಿ ಸಿಕ್ಕುವ ಬೀಳಗಿಯಲ್ಲಿ ಅವರು ಹುಟ್ಟಿದರು. ಒಂದು ಕಾಲಕ್ಕೆ ಪೇಶಾವರದಿಂದ ಕಲಕತ್ತೆಯವರೆಗೆ ಜನ ಅವರ ಹಾಡಿಗೆ ಕಿವಿಗೊಟ್ಟಿದ್ದರು. ಅವರ ಹೆಸರು ಅಮೀರಬಾಯಿ ಕರ್ನಾಟಕಿ.

ನಾನು ಸಂಗೀತ ಬಲ್ಲವನಲ್ಲ. ವಿಜ್ಞಾನ ಶಾಖೆಯವನೂ ಅಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಇಳಕಲ್ಲಿನ ನೇಕಾರರಾದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಾಗಿದ್ದೂ ಈ ಗಾಯಕಿಯ ಜೀವನವನ್ನು ಬರೆಯಲು ಹೊರಟಿರುವದಕ್ಕೆ ಕಾರಣ ನನ್ನ ಸೋದರಮಾವ. ಅವರು ಹುನಗುಂದದಲ್ಲಿ ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಅವರ ಮನೆಯ ಅಟ್ಟದ ಮೇಲೆ ಹಳೆಯ ವಾಲ್ವಿನ ಅಂಪ್ಲಿಫಾಯರೊಂದು ಮತ್ತು ಅಮೀರಬಾಯಿಯವರ ಕೆಲವು ರಿಕಾರ್ಡುಗಳು ಇದ್ದವು. ಆ ರಿಕಾರ್ಡುಗಳನ್ನು ಮನೆಯಲ್ಲಿ ಚೆನ್ನಾಗಿ ಕೇಳಲು ಎಂಥ ಅಂಪ್ಲಿಫಾಯರ್ ಕೊಳ್ಳಬೇಕೆಂಬ ಪ್ರಶ್ನೆ ನಮ್ಮಲ್ಲಿ ಎದ್ದಿತು. ಅದನ್ನು ಬಿಡಿಸಹೋದಾಗ ತಿಳಿದದ್ದು ಇಷ್ಟು: ಹಾಡಿದವರ ಜೀವನವನ್ನು ಅರಿಯದೆ ಆ ಯಂತ್ರವನ್ನು ಆರಿಸಲು ಬಾರದು, ಯಂತ್ರವನ್ನು ಅರಿಯದೆ ಆ ಜೀವನವೂ ಪೂರ್ತಿ ತಿಳಿಯದು. ಆದುದರಿಂದ ಎರಡನ್ನೂ ಕೂಡಿಸಿಯೇ ಹೇಳುವೆನು.

ಅಮೀರಬಾಯಿಯವರು ಹುಟ್ಟಿದ್ದು 1906ರ ಸುಮಾರಿಗೆ. ಆಗ ಬೀಳಗಿ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದಾಗ ಅದು ನಮ್ಮ ಪಾಲಿಗೆ ಬಂದಿತು. ಅವರದು ಹಾಡು ಮತ್ತು ನಾಟಕಗಳ ನಂಟಿದ್ದ ಮುಸಲ್ಮಾನ ಮನೆತನ. ಐವರು ಅಕ್ಕತಂಗಿಯರಲ್ಲಿ ಅಮೀರಬಾಯಿ ಹಾಗೂ ಗೋಹರಬಾಯಿ ಇಬ್ಬರೂ ಹೆಸರುವಾಸಿಯಾದರು. ಮುಂದೆ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿ, 1951ರಲ್ಲಿ ಅವರನ್ನೇ ಲಗ್ನವಾದರು.

ನಮ್ಮ ಸೀಮೆಯು ನಾಟಕ ಕಂಪನಿಗಳ ಸೀಮೆ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ತಗಡಿನ ಥಿಯೇಟರುಗಳು ನಿಂತಿರುತ್ತವೆ. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರು ನಾಟಕ ಬರೆದದ್ದು ಇಂಥ ಕಂಪನಿಗಳಿಗಾಗಿಯೇ. ಅಮೀರಬಾಯಿಯವರ ಬಾಲ್ಯದ ಹೊತ್ತಿಗೆ ಈ ರಂಗಗಳಲ್ಲಿ ಮೈಕು ಇರಲಿಲ್ಲ. ಪೆಟ್ರೋಮ್ಯಾಕ್ಸಿನ ಬೆಳಕು, ಕಾಲ್ಪೆಟ್ಟಿಗೆಯ ಶ್ರುತಿ, ತಬಲಾ. ಇವುಗಳ ನಡುವೆ ನಟಿಯ ಕಂಠವು ಕಟ್ಟಕಡೆಗೆ ನೆಲದ ಮೇಲೆ ಕುಳಿತ ರೈತನ ಕಿವಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಅವನು ಸುಮ್ಮನಿರುವವನಲ್ಲ. ಆದುದರಿಂದ ಅಂದಿನ ಗಾಯಕಿಯರ ದನಿ ಎತ್ತರದ್ದು, ತೆರೆದದ್ದು, ಮೂಗು ಮತ್ತು ಎದೆ ಎರಡರಲ್ಲಿಯೂ ಅನುರಣಿಸುವಂಥದು. ದೂರವನ್ನು ಗೆಲ್ಲುವದೇ ಆ ವಿದ್ಯೆಯ ಮೊದಲ ಪಾಠ. ಅಮೀರಬಾಯಿಯವರ ಹಾಡು ಈ ಪಾಠದಿಂದಲೇ ಆರಂಭವಾಯಿತು.

ನಮ್ಮ ಭಾಗವು ಮುಂಬಯಿ ಇಲಾಖೆಯಲ್ಲಿದ್ದುದರಿಂದ ನಮ್ಮವರಿಗೆ ಶಹರವೆಂದರೆ ಮುಂಬಯಿ ಮತ್ತು ಪುಣೆ. ಮೈಸೂರು, ಬೆಂಗಳೂರುಗಳು ಬೇರೊಂದು ಸಂಸ್ಥಾನದ ಊರುಗಳು. ಹದಿಹರೆಯದಲ್ಲಿಯೇ ಅಮೀರಬಾಯಿ ಮುಂಬಯಿಯ ದಾರಿ ಹಿಡಿದರು. ಇಂದು ಬೆಂಗಳೂರಿಗೆ ಓದಲು ಹೋಗುವ ಹುಡುಗಿಯನ್ನು ಕಳಿಸಲಿಕ್ಕೂ ನಮ್ಮ ಓಣಿಗಳಲ್ಲಿ ಎಷ್ಟು ಚರ್ಚೆ ನಡೆಯುತ್ತದೆಂಬುದನ್ನು ಬಲ್ಲವರು, ಸುಮಾರು ನೂರು ವರ್ಷಗಳ ಹಿಂದೆ ಬೀಳಗಿಯ ಹುಡುಗಿಯೊಬ್ಬಳು ಹೊತ್ತ ಧೈರ್ಯವನ್ನು ಊಹಿಸಬಹುದು. ಅಲ್ಲಿ ಈ ಸೋದರಿಯರ ಹೆಸರಿನ ಮುಂದೆ ಕರ್ನಾಟಕಿ ಎಂಬ ಗುರುತು ಸೇರಿಕೊಂಡಿತು. ನಮ್ಮ ರಾಜ್ಯವು ಒಂದುಗೂಡಿದ್ದು 1956ರಲ್ಲಿ. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕಿಂತ ದಶಕಗಳ ಹಿಂದೆಯೇ ರಿಕಾರ್ಡಿನ ನಡುವಿನ ಚೀಟಿಯ ಮೇಲೆ ಕರ್ನಾಟಕದ ಹೆಸರನ್ನು ಈ ಹೆಣ್ಣುಮಗಳು ಅಚ್ಚುಮಾಡಿಸಿ ದೇಶದ ತುಂಬ ಹಂಚಿದ್ದರು.

ಮುಂಬಯಿಯಲ್ಲಿ ಎಚ್. ಎಂ. ವಿ. ಕಂಪನಿಯವರು ಅವರಿಂದ ಒಂದು ಕವ್ವಾಲಿಯನ್ನು ಹಾಡಿಸಿದರು, ಅದು ಜನಪ್ರಿಯವಾಯಿತು. ಇಲ್ಲಿ ಸ್ವಲ್ಪ ನಿಂತು ಯಂತ್ರದ ಮಾತನ್ನು ಹೇಳಬೇಕು. 1925ಕ್ಕಿಂತ ಮೊದಲು ರಿಕಾರ್ಡು ಮಾಡುವಾಗ ಗಾಯಕರು ದೊಡ್ಡ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಕೂಗಿ ಹಾಡಬೇಕಾಗಿತ್ತು. ಆ ಕೂಗಿನ ಬಲದಿಂದಲೇ ಸೂಜಿಯು ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿದ್ದಿತು. ಮೆಲ್ಲಗೆ ಹಾಡಿದರೆ ಗೆರೆಯೇ ಮೂಡದು. 1925ರಿಂದ ವಿದ್ಯುತ್ತಿನ ರೆಕಾರ್ಡಿಂಗ್ ಬಂದಿತು. ಮೈಕು ದನಿಯನ್ನು ಸಣ್ಣ ವಿದ್ಯುತ್ತನ್ನಾಗಿ ಮಾಡುವದು, ವಾಲ್ವು ಆ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವದು, ಆ ಬಲದಿಂದ ಸೂಜಿ ಕೊರೆಯುವದು. ಅಂದರೆ ಕೂಗುವ ಕೆಲಸವನ್ನು ಮನುಷ್ಯನ ಗಂಟಲಿನಿಂದ ತೆಗೆದು ಗಾಜಿನ ಬುರುಡೆಗೆ ವಹಿಸಿದಂತಾಯಿತು.

ಈ ವಾಲ್ವು ಹೇಗೆ ಕೆಲಸ ಮಾಡುತ್ತದೆಂಬುದನ್ನು ನಮ್ಮ ಕಾಲುವೆಯ ತೂಬನ್ನು ನೋಡಿದವನು ಸುಲಭವಾಗಿ ತಿಳಿಯಬಹುದು. ಒಂದು ಹುಡುಗ ತೂಬಿನ ಹಿಡಿಯನ್ನು ಸ್ವಲ್ಪ ತಿರುವಿದರೆ ಹತ್ತು ಎಕರೆಗೆ ಹರಿಯುವ ನೀರು ಅವನ ಕೈಯ ಮಾತು ಕೇಳುತ್ತದೆ. ವಾಲ್ವಿನಲ್ಲಿಯೂ ಹಾಗೆಯೇ. ಗಾಳಿ ತೆಗೆದ ಗಾಜಿನೊಳಗೆ ಕಾದ ಒಂದು ಕಡ್ಡಿಯಿಂದ ಇಲೆಕ್ಟ್ರಾನುಗಳು ಹೊರಡುತ್ತವೆ. ಎದುರಿಗೆ ಇನ್ನೂರು ಮುನ್ನೂರು ವೋಲ್ಟಿನ ತಗಡು ಅವನ್ನು ಸೆಳೆಯುತ್ತದೆ. ನಡುವಿನ ತಂತಿಯ ಜಾಲರಿ ತೂಬಿನಂತೆ ನಿಂತು, ತನಗೆ ಬಂದ ಸಣ್ಣ ದನಿಯ ಏರಿಳಿತದಂತೆ ಆ ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ. ಇಂಗ್ಲಂಡಿನ ಫ್ಲೆಮಿಂಗರು 1904ರಲ್ಲಿ ಎರಡು ಅಂಗಗಳ ವಾಲ್ವನ್ನು ಮಾಡಿದರು. ಅಮೇರಿಕದ ಲೀ ಡಿ ಫಾರೆಸ್ಟರು 1906ರಲ್ಲಿ ಅದಕ್ಕೆ ಮೂರನೆಯ ಅಂಗವಾದ ಜಾಲರಿಯನ್ನು ಸೇರಿಸಿದರು. ಬೀಳಗಿಯಲ್ಲಿ ಅಮೀರಬಾಯಿ ಕಣ್ಣು ತೆರೆದ ಸುಮಾರಿನಲ್ಲಿಯೇ ಈ ಜಾಲರಿಯ ವಾಲ್ವೂ ಹುಟ್ಟಿತು. ಇಬ್ಬರ ಭೇಟಿ ಆಗಲು ಮೂವತ್ತು ವರ್ಷಗಳಿಗಿಂತ ಕಡಿಮೆ ಕಾಲ ಹಿಡಿಯಿತು.

1931ರಲ್ಲಿ ಆಲಂ ಆರಾ ಚಿತ್ರದೊಡನೆ ಭಾರತದ ಬೆಳ್ಳಿತೆರೆ ಮಾತನಾಡತೊಡಗಿತು. ಹಾಡಬಲ್ಲ ನಟಿಯರಿಗೆ ಬೇಡಿಕೆ ಬಂದಿತು. 1934ರ ವಿಷ್ಣುಭಕ್ತಿ ಚಿತ್ರದಿಂದ ಅಮೀರಬಾಯಿಯವರ ಚಿತ್ರಜೀವನ ಆರಂಭವಾಯಿತು. 1935ರಿಂದ ಹಿನ್ನೆಲೆ ಗಾಯನದ ಪದ್ಧತಿಯೂ ತಲೆಯೆತ್ತಿತು. ನಟಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು. ಆದರೂ ಹಲವು ವರ್ಷ ಅವರಿಗೆ ದೊಡ್ಡ ಹೆಸರು ಬರಲಿಲ್ಲ. ಸಣ್ಣ ಪಾತ್ರ, ಒಂದೆರಡು ಹಾಡು, ಮತ್ತೆ ಕಾಯುವದು. 1940ರ ನರಸೀ ಭಗತ್ ಚಿತ್ರದಲ್ಲಿ, ಗಾಂಧೀಜಿಯವರ ಪ್ರಾರ್ಥನಾಸಭೆಗಳಿಂದ ದೇಶಕ್ಕೆ ಪರಿಚಿತವಾಗಿದ್ದ ನರಸಿಂಹ ಮೆಹತಾರ ವೈಷ್ಣವ ಭಜನೆಯನ್ನು ಅವರು ಹಾಡಿದರು. ಬೀಳಗಿಯ ಮುಸಲ್ಮಾನ ಹೆಣ್ಣುಮಗಳ ಕಂಠದಲ್ಲಿ ಗುಜರಾತಿನ ವೈಷ್ಣವ ಸಂತನ ಪದವನ್ನು ಕೇಳಿದಾಗ ಯಾರಿಗೂ ಅದು ಅಸಹಜವೆನಿಸಲಿಲ್ಲ. ನಮ್ಮ ಕಡೆಯ ಮೊಹರಂ ಪದಗಳನ್ನೂ ಭಜನೆಯ ಮೇಳಗಳನ್ನೂ ಬಲ್ಲವರಿಗೆ ಇದರಲ್ಲಿ ಬೆರಗಾಗುವಂಥದು ಏನೂ ಇಲ್ಲ.

ಅವರ ಜೀವನದ ಎತ್ತರದ ಶಿಖರ 1943. ಬಾಂಬೆ ಟಾಕೀಜಿನ ಕಿಸ್ಮತ್ ಚಿತ್ರ ಆ ವರ್ಷ ಬಂದಿತು. ಜ್ಞಾನ ಮುಖರ್ಜಿಯವರ ನಿರ್ದೇಶನ, ಅಶೋಕಕುಮಾರರ ಅಭಿನಯ, ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ರಚನೆ. ಅದರ ಮುಖ್ಯ ಹಾಡುಗಳಿಗೆ ಕಂಠ ಕೊಟ್ಟವರು ಅಮೀರಬಾಯಿ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೀರಿ ನಡೆಯಿತು. ಕಾಲವನ್ನು ನೆನೆಯಬೇಕು. 1942ರ ಚಲೇಜಾವ್ ಚಳವಳಿಯ ಕಾವು ಆರಿರಲಿಲ್ಲ, ನಾಯಕರು ಸೆರೆಮನೆಯಲ್ಲಿದ್ದರು. ಈ ನೆಲವು ನಮ್ಮದು, ಪರರಿಗೆ ಇಲ್ಲಿ ಎಡೆಯಿಲ್ಲವೆಂದು ಸಾರುವ ಹಾಡೊಂದನ್ನು ಅಮೀರಬಾಯಿ ಖಾನ್ ಮಸ್ತಾನಾರೊಡನೆ ಹಾಡಿದರು. ಅದರಲ್ಲಿ ಜರ್ಮನರ ಮತ್ತು ಜಪಾನೀಯರ ಹೆಸರು ಹೇಳಿದ್ದುದರಿಂದ, ಅದು ಯುದ್ಧದ ವೈರಿಗಳನ್ನು ಕುರಿತದ್ದೆಂದು ತೋರಿ ಸೆನ್ಸಾರಿನ ಕೈಯಿಂದ ಪಾರಾಯಿತು. ಜನರಿಗೆ ಮಾತ್ರ ನಿಜವಾದ ಅರ್ಥ ತಿಳಿಯಲು ತಡವಾಗಲಿಲ್ಲ. ಕವಿ ಪ್ರದೀಪರು ಬಂಧನದ ಭಯದಿಂದ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು.

ಅದೇ ಚಿತ್ರದಲ್ಲಿ ಮಗುವನ್ನು ಮಲಗಿಸುವ ಮೆಲುದನಿಯ ಹಾಡೂ ಒಂದಿದೆ. ನನ್ನ ಮಟ್ಟಿಗೆ ಅಮೀರಬಾಯಿಯವರ ದೊಡ್ಡತನ ಇರುವದು ಇವೆರಡರ ನಡುವಿನ ಅಂತರದಲ್ಲಿ. ಸೈನ್ಯದ ಕಹಳೆಯಂತೆ ಏಳುವ ದನಿಯನ್ನು ನಾಟಕದ ಥಿಯೇಟರು ಕಲಿಸಿಕೊಡಬಲ್ಲದು. ತೊಟ್ಟಿಲ ಬದಿಯ ದನಿಯನ್ನು ಅದು ಕಲಿಸಲಾರದು. ಅದನ್ನು ಕಲಿಸಿದ್ದು ಮೈಕು. ಕಂಪನಿ ನಾಟಕದ ದೂರದ ವಿದ್ಯೆಯಲ್ಲಿ ಪಳಗಿದ ಕಂಠವೊಂದು, ನಡುವಯಸ್ಸಿನ ಹತ್ತಿರ ಬಂದಾಗ, ಸಮೀಪದ ವಿದ್ಯೆಯನ್ನು ಹೊಸದಾಗಿ ಕಲಿಯಿತು. ಅಂದಿನ ಸ್ಟುಡಿಯೋದಲ್ಲಿ ವಾದ್ಯದವರು ಒಂದು ಮೈಕಿನ ಸುತ್ತ ತಮ್ಮ ವಾದ್ಯದ ಬಲಕ್ಕೆ ತಕ್ಕ ದೂರದಲ್ಲಿ ಕುಳಿತು, ಗಾಯಕಿ ಅದಕ್ಕೆ ಹತ್ತಿರ ನಿಂತು, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲೆಂಬಂತೆ ಮುಗಿಸಬೇಕು. ಯಾರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ. 78ರ ವೇಗದ ತಟ್ಟೆಯ ಒಂದು ಮಗ್ಗಲಿಗೆ ಮೂರು ಮೂರೂವರೆ ನಿಮಿಷದ ಅವಧಿ. ಅಷ್ಟರೊಳಗೆ ಎಲ್ಲ ಹೇಳಿ ಮುಗಿಯಬೇಕು.

1944ರಲ್ಲಿ ನೌಷಾದರ ಸಂಗೀತದ ರತನ್, 1946ರಲ್ಲಿ ಗುಜರಾತಿಯ ರಾಣಕದೇವಿ, ಹೀಗೆ ಒಂದರ ಮೇಲೊಂದು ಯಶಸ್ಸು ಬಂದವು. 1948ರಲ್ಲಿ ಶಹನಾಜ್ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಇದು ಸಣ್ಣ ಮಾತಲ್ಲ. ಜದ್ದನಬಾಯಿ, ಸರಸ್ವತಿದೇವಿ ಮುಂತಾದ ಬೆರಳೆಣಿಕೆಯ ಸ್ತ್ರೀಯರನ್ನು ಬಿಟ್ಟರೆ ಆ ಪೀಠವು ಅಂದು ಪೂರಾ ಗಂಡಸರದು. ಕನ್ನಡದಲ್ಲಿಯೂ ಅವರು ಹಾಡಿದರು. ನಮ್ಮವರು ಅವರನ್ನು ಕನ್ನಡದ ಕೋಗಿಲೆಯೆಂದು ಕರೆದರು. ವಿಜಾಪುರದಲ್ಲಿ ಅಮೀರ್ ಟಾಕೀಜ್ ಎಂಬ ಚಿತ್ರಮಂದಿರವು ಅವರ ಹೆಸರನ್ನು ಹೊತ್ತು ನಿಂತಿತು.

ಮನೆಯ ಬಾಳು ಮಾತ್ರ ಹಾಡಿನಂತೆ ಮಧುರವಾಗಿರಲಿಲ್ಲ. ಖಳಪಾತ್ರಗಳಿಂದ ಪ್ರಸಿದ್ಧನಾಗಿದ್ದ ಹಿಮಾಲಯವಾಲಾ ಎಂಬ ನಟನೊಡನೆ ಆದ ಮದುವೆ ಅವರಿಗೆ ದುಃಖವನ್ನೇ ತಂದಿತು. ಕೊನೆಗೆ ಆ ಸಂಬಂಧ ಹರಿಯಿತು. ಬಳಿಕ ಪತ್ರಕರ್ತ ಬದರಿ ಕಾಂಚವಾಲಾ ಅವರೊಡನೆ ಬಾಳು ನೆಲೆಗೊಂಡಿತು. ದೇಶವೇ ಕಿವಿಗೊಟ್ಟು ಕೇಳುತ್ತಿದ್ದ ಹೆಣ್ಣಿನ ಅಳಲನ್ನು ಸ್ವಂತ ಮನೆಯಲ್ಲಿ ಕೇಳುವವರಿಲ್ಲದೆ ಹೋದದ್ದು ವಿಪರ್ಯಾಸವೇ ಸರಿ. ಅವರ ಕಾಲದ ಎಷ್ಟೋ ಕಲಾವಿದೆಯರ ಕಥೆಯೂ ಇದೇ ಆಗಿದೆ.

1949ರ ಸುಮಾರಿಗೆ ಗಾಳಿ ತಿರುಗಿತು. ಮಹಲ್, ಬರಸಾತ್ ಚಿತ್ರಗಳೊಡನೆ ಲತಾ ಮಂಗೇಶಕರರ ಯುಗ ಆರಂಭವಾಯಿತು. ಅವರದು ಮೈಕಿನ ಮುಂದೆಯೇ ಅರಳಿದ ಸಣ್ಣ, ಸೂಕ್ಷ್ಮ ಕಂಠ. ಥಿಯೇಟರಿನ ನೆನಪನ್ನು ಹೊತ್ತ ಭಾರದ ಕಂಠಗಳು ಒಂದೊಂದಾಗಿ ಹಿಂದೆ ಸರಿದವು. ಯಾವ ವಾಲ್ವು ಅಮೀರಬಾಯಿಯವರನ್ನು ಬೀಳಗಿಯಿಂದ ಭಾರತಕ್ಕೆ ಒಯ್ದಿತೋ, ಅದೇ ವಾಲ್ವು ಇನ್ನೂ ಮೆಲ್ಲಗೆ ಹಾಡುವವರನ್ನು ಮುಂದೆ ತಂದು ಇವರ ಸ್ಥಾನವನ್ನು ಅವರಿಗೆ ಕೊಟ್ಟಿತು. ಅಮೀರಬಾಯಿ ಇದನ್ನು ಸ್ವೀಕರಿಸಿ, ಹಾಡು ಕಡಿಮೆಯಾದಾಗ ಪೋಷಕ ಪಾತ್ರಗಳನ್ನು ಮಾಡಿದರು, ದುಡಿಮೆ ಬಿಡಲಿಲ್ಲ. ಕೊನೆಗೆ ಪಾರ್ಶ್ವವಾಯುವಿನಿಂದ ನರಳಿ 1965ರಲ್ಲಿ ತೀರಿಕೊಂಡರು. ಬಹುಕಾಲ ಅವರ ಹೆಸರು ಹಳಬರ ನೆನಪಿನಲ್ಲಿ ಮಾತ್ರ ಉಳಿದಿದ್ದಿತು. ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆಯಿಂದ ಕನ್ನಡದ ಓದುಗರಿಗೆ ಅವರು ಮತ್ತೆ ಪರಿಚಿತರಾದರು.

ಇನ್ನು ಆ ದನಿಯನ್ನು ಇಂದು ಕೇಳುವ ಬಗೆ. ಮೊಬೈಲಿನಲ್ಲಿ ಕೇಳಬಹುದಲ್ಲ ಎಂದು ಗೆಳೆಯರು ಕೇಳುವರು. ಕೇಳಬಹುದು. ಆದರೆ ಮನೆಯಲ್ಲಿ ರಿಕಾರ್ಡು ಇದ್ದವರು ಅದರ ಗೆರೆಯಿಂದಲೇ ಕೇಳಬಯಸುವದು ಸಹಜ. ಮಾವನವರಿಗೆ ಈಗ ವಯಸ್ಸಾಗಿದೆ. ಜೀವನವೆಲ್ಲ ಊರಿನವರಿಗಾಗಿ ಹಾಡು ಹಚ್ಚಿದ ಅವರು ತಮಗಾಗಿ ಕುಳಿತು ಕೇಳಿದ್ದು ಕಡಿಮೆ. ಅಪ್ಪ ಎರಡು ಮಗ್ಗಗಳ ಕೂಲಿಯಲ್ಲಿ ಉಳಿಸಿದ್ದ ಹಣದಲ್ಲಿ ಸ್ವಲ್ಪವನ್ನೂ, ನನ್ನ ವಿದ್ಯಾರ್ಥಿವೇತನದಲ್ಲಿ ಸ್ವಲ್ಪವನ್ನೂ ಕೂಡಿಸಿ ಅವರಿಗೊಂದು ಸ್ಟೀರಿಯೊ ಸೆಟ್ಟು ಮಾಡಿಕೊಡುವದೆಂದು ಮನೆಯಲ್ಲಿ ನಿಶ್ಚಯವಾಯಿತು. ಆರಿಸುವ ಕೆಲಸ, ಓದಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು. ಒಂದು ಸೀರೆಯ ಹಿಂದೆ ಎಷ್ಟು ದಿನದ ಬೆವರಿದೆಯೆಂದು ಬಲ್ಲವನಿಗೆ ಇದು ಆಟದ ಮಾತಾಗಿರಲಿಲ್ಲ.

ಮೊದಲನೆಯದಾಗಿ, ಅಟ್ಟದ ಮೇಲಿನ ಮೈಕ್ ಸೆಟ್ಟಿನ ಅಂಪ್ಲಿಫಾಯರನ್ನೇ ಏಕೆ ಬಳಸಬಾರದು? ಅದು ಜಾತ್ರೆಗಾಗಿ ಹುಟ್ಟಿದ ಯಂತ್ರ. ಉದ್ದನ್ನ ವಾಯರುಗಳ ಮೇಲೆ 100 ವೋಲ್ಟಿನ ಲೈನಿನಿಂದ ಕಂಬದ ಮೇಲಿನ ತುತ್ತೂರಿಗಳನ್ನು ನಡೆಸುವದು ಅದರ ಕೆಲಸ. ದೂರಕ್ಕೆ ಮುಟ್ಟುವ ನಡುಸ್ವರಗಳನ್ನು ಅದು ಎತ್ತಿ ಹಿಡಿಯುತ್ತದೆ. ತಬಲಾದ ಎಡದ ಗುಂಭವನ್ನೂ ಉಸಿರಿನ ಸೂಕ್ಷ್ಮವನ್ನೂ ತುತ್ತೂರಿ ಹೊರಗೆ ಬಿಡದು. ಅಮೀರಬಾಯಿಯವರು ಕಂಪನಿ ನಾಟಕದಿಂದ ಮೈಕಿಗೆ ಬರುವಾಗ ದೂರದ ವಿದ್ಯೆಯನ್ನು ಬಿಟ್ಟು ಸಮೀಪದ ವಿದ್ಯೆಯನ್ನು ಕಲಿತರಷ್ಟೆ? ಅದೇ ಪಾಠ ಇಲ್ಲಿಯೂ ಸಲ್ಲುತ್ತದೆ. ಬಯಲಿನ ಯಂತ್ರ ಬೇರೆ, ಮನೆಯ ಯಂತ್ರ ಬೇರೆ.

ಎರಡನೆಯದು, ಎಷ್ಟು ವ್ಯಾಟು ಬೇಕು? ಜಾಹೀರಾತುಗಳು ನೂರರ ಮೇಲಿನ ಅಂಕಿಗಳನ್ನೇ ಹೇಳುತ್ತವೆ. ಲೆಕ್ಕ ಬೇರೆ ಹೇಳುತ್ತದೆ. ಸಾಧಾರಣ ಒಳ್ಳೆಯ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ದನಿ ಕೊಡುತ್ತದೆಂದು ಇಟ್ಟುಕೊಳ್ಳಿರಿ. ಇಬ್ಬರು ಕುಳಿತು ಮಾತನಾಡುವ ದನಿ 60ರ ಆಸುಪಾಸು. ವ್ಯಾಟು ಇಮ್ಮಡಿಯಾದರೆ ಹೆಚ್ಚುವದು 3 ಡೆಸಿಬೆಲ್ ಮಾತ್ರ. ಒಂದರಿಂದ ಎಂಟು ವ್ಯಾಟಿಗೆ ಏರಿದರೆ 99 ಆಗುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅದು ಬೇಕಾದುದಕ್ಕಿಂತ ಹೆಚ್ಚು. ಆದುದರಿಂದ ಎರಡೂ ಬದಿಗೆ ಇ. ಎಲ್. 84 ಜಾತಿಯ ಸಣ್ಣ ವಾಲ್ವುಗಳ ಜೋಡಿಯಿದ್ದ, ಹತ್ತು ಹನ್ನೆರಡು ವ್ಯಾಟಿನ ಯಂತ್ರ ಸಾಕೆಂದು ತೋರಿತು. ಈ ಜಾತಿಯ ವಾಲ್ವುಗಳು ಇಂದಿಗೂ ಹೊರದೇಶಗಳಲ್ಲಿ ತಯಾರಾಗುತ್ತಿವೆ. 1960ರ ದಶಕದಲ್ಲಿ ನಮ್ಮ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸಿನವರು ರೇಡಿಯೊ ವಾಲ್ವುಗಳನ್ನು ಮಾಡುತ್ತಿದ್ದರು. ಅವರ ಗುರುತಿನ ಕೆಲವು ಹಳೆಯ ವಾಲ್ವುಗಳು ಮಾವನವರ ಪೆಟ್ಟಿಗೆಯಲ್ಲಿ ರಟ್ಟಿನ ಡಬ್ಬಿ ಸಹಿತ ಇವೆ.

ಮೂರನೆಯದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವಿನ ವೋಲ್ಟು ದೊಡ್ಡದು, ಪ್ರವಾಹ ಸಣ್ಣದು. ಸ್ಪೀಕರಿಗೆ ಬೇಕಾದುದು ಇದರ ತಿರುವು. ಇಬ್ಬರನ್ನು ಜೋಡಿಸುವದು ಈ ಕಬ್ಬಿಣ ತಾಮ್ರಗಳ ಗಡ್ಡೆ. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತೇವೆ. ಕೊಂಡಿ ಸಡಿಲಾದರೆ ಒಡಲು ಎಷ್ಟು ಚೆಂದವಿದ್ದರೂ ಸೀರೆ ಕೆಟ್ಟಿತು. ಅದರಂತೆ ಟ್ರಾನ್ಸ್‌ಫಾರ್ಮರ್ ಹಗುರಾದ ಯಂತ್ರದಲ್ಲಿ ಕೆಳಸ್ವರಗಳು ಸೊರಗುತ್ತವೆ. ವಾಲ್ವಿನ ಹೊಳಪಿಗೆ ಮರುಳಾಗದೆ ಯಂತ್ರವನ್ನು ಎತ್ತಿ ತೂಕ ನೋಡಬೇಕೆಂದು ಮಾವನವರು ಹೇಳಿಕೊಟ್ಟರು.

ನಾಲ್ಕನೆಯದು, ನಮ್ಮ ಊರಿನ ಕರೆಂಟು ಮತ್ತು ಬಿಸಿಲು. ವಾಲ್ವಿನ ಕಾಯುವ ಕಡ್ಡಿಗೆ 6.3 ವೋಲ್ಟು ಬೇಕು. ಮನೆಯ ಕರೆಂಟು 230ಕ್ಕಿಂತ ಬಹಳ ಏರಿಳಿದರೆ ಅದೂ ಏರಿಳಿದು ವಾಲ್ವಿನ ಆಯುಷ್ಯ ಕಡಿಮೆಯಾಗುತ್ತದೆ. ಆದುದರಿಂದ ಸ್ಟೆಬಿಲೈಜರ್ ಅವಶ್ಯ. ಇಂಥ ಯಂತ್ರವು ನೂರು ವ್ಯಾಟಿನ ಸುಮಾರು ವಿದ್ಯುತ್ತನ್ನು ಉಣ್ಣುತ್ತದೆ. ಅದರಲ್ಲಿ ಬಹುಪಾಲು ಉಷ್ಣವಾಗಿ ಹೊರಬೀಳುತ್ತದೆ. ಚೈತ್ರ ವೈಶಾಖದ ಬಾಗಲಕೋಟೆಯಲ್ಲಿ ಅದನ್ನು ಕಪಾಟಿನೊಳಗೆ ಮುಚ್ಚಿಡಬಾರದು. ಒಳಗೆ ಮುನ್ನೂರು ವೋಲ್ಟು ಇರುವದರಿಂದ, ಸ್ವಿಚ್ಚು ಆರಿಸಿದ ಮೇಲೂ ಕೆಲಹೊತ್ತು ಕಂಡೆನ್ಸರುಗಳಲ್ಲಿ ಅದು ನಿಂತಿರುವದರಿಂದ, ಬಲ್ಲವರ ಹೊರತು ಯಾರೂ ತಳದ ತಗಡನ್ನು ಬಿಚ್ಚಬಾರದು.

ಬಾಗಲಕೋಟೆಯ ನವನಗರದಲ್ಲಿ ರಿಪೇರಿ ಮಾಡುವವರೊಬ್ಬರ ಹತ್ತಿರ ವಾಲ್ವಿನ ಯಂತ್ರವೂ ಟ್ರಾನ್ಸಿಸ್ಟರಿನ ಯಂತ್ರವೂ ಇದ್ದವು. ಮಾವನವರನ್ನು ಬೆನ್ನು ತಿರುಗಿಸಿ ಕೂಡಿಸಿ, ಒಂದೇ ರಿಕಾರ್ಡನ್ನು ಎರಡರಲ್ಲಿಯೂ ಒಂದೇ ಗಟ್ಟಿಯಾಗಿ ಹಚ್ಚಿದೆವು. ಒಮ್ಮೆ ಅವರು ಇದು ವಾಲ್ವೆಂದು ಹೇಳಿದ್ದು ಸರಿಯಾಯಿತು, ಇನ್ನೊಮ್ಮೆ ಆಗಲಿಲ್ಲ. ಆಗ ಆ ರಿಪೇರಿಯವರು ಯಂತ್ರವನ್ನು ಬದಲಿಸದೆ ಸೂಜಿಯನ್ನು ಬದಲಿಸಿದರು. 78ರ ರಿಕಾರ್ಡಿನ ಗೆರೆ ಎಲ್. ಪಿ.ಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್. ಪಿ.ಯ ಸಣ್ಣ ಸೂಜಿ ಅದರ ತಳದಲ್ಲಿ ಧೂಳನ್ನು ಕೆರೆಯುತ್ತ ಅಲೆದಾಡುತ್ತದೆ. ಅಗಲವಾದ ಸೂಜಿ ಗೋಡೆಗಳನ್ನು ಹಿಡಿದು ನಡೆಯುತ್ತದೆ. ಬದಲಿಸಿದೊಡನೆ ಸರಸರ ಸದ್ದು ತಗ್ಗಿ ಕಂಠ ಮುಂದೆ ಬಂದಿತು. ಆ ವ್ಯತ್ಯಾಸ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಇನ್ನೊಂದು ಮಾತನ್ನೂ ಅವರು ಹೇಳಿದರು: ಈ ರಿಕಾರ್ಡುಗಳಲ್ಲಿ ದನಿಯ ದಾರಿ ಒಂದೇ. ಎಡ ಬಲಗಳೆಂಬ ಸ್ಟೀರಿಯೊ ತಟ್ಟೆಗಳು ಪೇಟೆಗೆ ಬಂದದ್ದು 1958ರ ಸುಮಾರಿಗೆ. ಆದುದರಿಂದ ಎರಡೂ ದಾರಿಗಳನ್ನು ಕೂಡಿಸುವ ಮೋನೊ ಸ್ವಿಚ್ಚು ಇಲ್ಲದ ಸ್ಟೀರಿಯೊ ಯಂತ್ರವನ್ನು ನಾವು ಕೊಳ್ಳಬಾರದು. ಅದಿದ್ದರೆ ಗೀರುಗಳ ಸದ್ದೂ ಕಡಿಮೆಯಾಗುತ್ತದೆ.

ಹಾಗಾದರೆ ವಾಲ್ವೇ ಏಕೆ ಎಂದು ಕೇಳಬಹುದು. ಒಳ್ಳೆಯ ಟ್ರಾನ್ಸಿಸ್ಟರ್ ಯಂತ್ರ ಕಡಿಮೆ ಬೆಲೆಗೆ ಹೆಚ್ಚು ನಿರ್ದುಷ್ಟ ದನಿ ಕೊಡುತ್ತದೆಂಬುದು ನಿಜವೇ. ವಾಲ್ವು ತನ್ನ ಶಕ್ತಿಯ ಅಂಚಿಗೆ ಬಂದಾಗ ಥಟ್ಟನೆ ಒಡೆಯದೆ ಮೆಲ್ಲನೆ ಬಾಗುತ್ತದೆ, ಅದು ಕಿವಿಗೆ ಹಿತವೆಂದು ಹೇಳುವರು, ಅದೂ ನಿಜವಿರಬಹುದು. ನಮ್ಮ ಮನೆಯ ಕಾರಣ ಇನ್ನೂ ಸಾದಾ. ಕೆಟ್ಟರೆ ಮಾವನವರು ತಾವೇ ಸರಿಮಾಡಬಲ್ಲರು. ಅವರ ಕೈಗೆ ಗೊತ್ತಿರುವ ವಿದ್ಯೆ ಅದು. ಕೈಯಿಂದ ಬೆಸೆದ ವಾಯರುಗಳ ವಾಲ್ವಿನ ಯಂತ್ರವನ್ನು ಅವರು ಪುಸ್ತಕದಂತೆ ಓದಬಲ್ಲರು. ವಯಸ್ಸಾದವರಿಗೆ ಕೇಳುವ ವಸ್ತುವಿನೊಡನೆ ಮಾಡುವ ಕೆಲಸವನ್ನೂ ಕೊಟ್ಟಂತಾಗುವದೆಂದು ಅಪ್ಪ ಅಂದರು. ಹೀಗೆ ಸಣ್ಣ ವಾಲ್ವಿನ ಸ್ಟೀರಿಯೊ ಯಂತ್ರವೊಂದು, ಮೋನೊ ಸ್ವಿಚ್ಚು ಸಹಿತ, ಗೊತ್ತಾಯಿತು. ದೊಡ್ಡ ಯಂತ್ರಕ್ಕೆ ಹೋಗದೆ ಉಳಿದ ಹಣ ಸೂಜಿಗೂ ಸ್ಪೀಕರುಗಳಿಗೂ ಸಂದಿತು.

ಈ ಆಯ್ಕೆಯ ನಡುವೆ ಅಮೀರಬಾಯಿಯವರ ಬಾಳು ನನಗೆ ಹೆಚ್ಚು ಸ್ಪಷ್ಟವಾಯಿತು. ದೊಡ್ಡ ದನಿಯೇ ದೊಡ್ಡದೆಂದು ನಂಬಿದ ಕಾಲದಲ್ಲಿ ಅವರು ಹುಟ್ಟಿದರು. ಸಣ್ಣ ದನಿಗೂ ಬೆಲೆಯಿದೆಯೆಂದು ಯಂತ್ರವು ತೋರಿಸಿದಾಗ ಅದನ್ನು ಕಲಿತರು. ತಮಗಿಂತ ಸಣ್ಣ ದನಿ ಬಂದಾಗ ದಾರಿ ಬಿಟ್ಟರು. ಕಲಿಯುವದಕ್ಕೆ ವಯಸ್ಸಿನ ಅಡ್ಡಿಯಿಲ್ಲ, ಬಿಡುವದಕ್ಕೆ ಅವಮಾನವಿಲ್ಲ. ನಮ್ಮಂಥ, ಮನೆತನದಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದು ಶಹರದ ಕಡೆ ಮುಖ ಮಾಡಿದ ವಿದ್ಯಾರ್ಥಿಗಳಿಗೆ, ಬೀಳಗಿಯಿಂದ ಹೊರಟ ಈ ಹೆಣ್ಣುಮಗಳಿಗಿಂತ ಹತ್ತಿರದ ಆದರ್ಶ ಬೇರೆಲ್ಲಿದೆ? ಅವರು ಊರು ಬಿಟ್ಟರು, ಊರಿನ ಹೆಸರನ್ನು ಬಿಡಲಿಲ್ಲ.

ಸಹಪಾಠಿಗಳಲ್ಲಿ ಒಂದು ವಿನಂತಿ. ನಮ್ಮ ಓಣಿಗಳ ಅಟ್ಟಗಳಲ್ಲಿ ಇನ್ನೂ ಅರಗಿನ ಹಳೆಯ ರಿಕಾರ್ಡುಗಳಿವೆ. ಹಳೇ ಸಾಮಾನಿನವನು ತೂಕಕ್ಕೆ ಕೊಳ್ಳಲು ಬಂದಾಗ ಕೊಡುವ ಮೊದಲು ಚೀಟಿಯ ಮೇಲಿನ ಹೆಸರನ್ನು ಓದಿ ನೋಡಿರಿ. ಅವು ಕೈ ಜಾರಿದರೆ ಗಡಿಗೆಯಂತೆ ಒಡೆಯುತ್ತವೆ. ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಅವುಗಳಿಗಾಗಿ ಮೀಸಲಿಟ್ಟು, ಕೇಳಲು ಒಂದು ಸಾಧಾರಣ ಯಂತ್ರವನ್ನು ಇರಿಸಿದರೆ, ಇತಿಹಾಸದ ವಿದ್ಯಾರ್ಥಿಗಳಾದ ನಾವು ಬಾದಾಮಿಯ ಶಾಸನವನ್ನು ಓದುವಂತೆ ಬೀಳಗಿಯ ಕಂಠವನ್ನೂ ಓದಬಹುದು. ಗುರುಗಳು ಈ ಮಾತನ್ನು ಮನಸ್ಸಿಗೆ ತರುವರೆಂದು ನಂಬಿರುವೆನು.